ಸ್ಕಾಟ್ಲೆಂಡಿನ ಬೇರೆ ಒಲೆ

ಆ ಉತ್ತರಪತ್ರಿಕೆಯಲ್ಲಿ ಇಂಗ್ಲಿಷರು ಸ್ಕಾಟ್ಲೆಂಡಿಗೆ ಅಧಿಕಾರ ಹಸ್ತಾಂತರ ಮಾಡಿ, ಬಾವುಟ ಇಳಿಸಿ, ಹಡಗು ಹತ್ತಿ ತಮ್ಮ ದೇಶಕ್ಕೆ ಹೊರಟುಹೋಗಿದ್ದರು. ಹದಿನೈದು ಅಂಕದ ಪ್ರಶ್ನೆ. ಜೆರಾಕ್ಸ್ ಪ್ರತಿಯಾದ್ದರಿಂದ ಮೌಲ್ಯಮಾಪಕರ ಕೆಂಪು ಶಾಯಿಯೂ ಕಪ್ಪಾಗಿತ್ತು. ಉತ್ತರದ ಪಕ್ಕ ಒಂದು ದೊಡ್ಡ ಸೊನ್ನೆ, ಅದರ ಕೆಳಗೆ ಎರಡು ಗೆರೆ. ನನಗೆ ನಗು ತಡೆಯಲಾಗಲಿಲ್ಲ. ಎರಡೂ ಒಂದೇ ನೆಲದ ಮೇಲಿರುವ ನಾಡುಗಳು, ನಡೆದೇ ಹೋಗಬಹುದು, ಹಡಗೇಕೆ ಎಂದು ಕೇಳಿದೆ.

ಚಳ್ಳಕೆರೆ ಕಾಲೇಜಿನಲ್ಲಿ ನನ್ನ ಮೇಜಿನ ಎದುರಿಗೆ ಕುಳಿತಿದ್ದ ಹೆಂಗಸು ನಗಲಿಲ್ಲ. ಕೊಂಡ್ಲಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿ, ಉಳಿದೆಲ್ಲ ಪತ್ರಿಕೆ ಮುಗಿಸಿ, ರಾಜ್ಯಶಾಸ್ತ್ರದ ಈ ಒಂದರಲ್ಲಿ ಎರಡು ಸಲ ಫೇಲಾಗಿದ್ದರು. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಹೋದರೆ ಕೋರ್ಸಿನ ಅವಧಿಯೇ ಮುಗಿಯುತ್ತದೆ. ಪದವಿ ಸಿಕ್ಕರೆ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಬಹುದು, ಆದರೆ ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ. ಇಷ್ಟನ್ನೂ ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ ಹೇಳಿ, ಚೀಲದಿಂದ ಪೇಪರಿನ ರಟ್ಟು ಹಾಕಿದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಹಡಗು ನಂದು ಸಾರ್. ಉಳಿದಿದ್ದೆಲ್ಲ ಈ ಪುಸ್ತಕದ್ದು."

ಪುಸ್ತಕ ತೆರೆದ ಮೇಲೆ ನನ್ನ ನಗು ನಿಂತಿತು. ಆ ಪಾಠ ಬರೆದವನು ನಾನು.

ಆರು ವರ್ಷದ ಹಿಂದಿನ ಮಾತು. ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪಾಠಪುಸ್ತಕ ಬೇಕೆಂದು ವಿಶ್ವವಿದ್ಯಾಲಯದವರು ಕೇಳಿದ್ದರು. ನನ್ನ ಪಾಲಿಗೆ ಬಂದದ್ದು ಬ್ರಿಟನ್: ಅಲ್ಲಿನ ಪ್ರಾದೇಶಿಕ ಸರ್ಕಾರಗಳು, ಇಂಗ್ಲಿಷರು ಮತ್ತು ಸ್ಕಾಟರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ ಎಂಬ ವಿಚಾರ. ಲಂಡನ್ ತನ್ನ ಕೆಲವು ಅಧಿಕಾರಗಳನ್ನು ಆ ಪ್ರಾದೇಶಿಕ ಸರ್ಕಾರಗಳಿಗೆ ಬಿಟ್ಟುಕೊಟ್ಟದ್ದಕ್ಕೆ ಇಂಗ್ಲಿಷಿನಲ್ಲಿ ಡೆವಲ್ಯೂಷನ್ ಎಂಬ ಒಂದೇ ಪದ. ಕನ್ನಡದಲ್ಲಿ ಅದಕ್ಕೇನು ಹೇಳಬೇಕೆಂದು ತಿಳಿಯದೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. 'ವಿಕೇಂದ್ರೀಕರಣ' ಎಂದರೆ ಓದುವವರಿಗೆ ಗ್ರಾಮ ಪಂಚಾಯ್ತಿ ನೆನಪಾಗುತ್ತದೆ. 'ನಿಯೋಜನೆ' ಎಂದರೆ ಚುನಾವಣಾ ಡ್ಯೂಟಿ. 'ವರ್ಗಾವಣೆ' ಎಂದು ಬರೆಯಲು ಕೈ ಏಳಲಿಲ್ಲ, ಏಕೆಂದರೆ ನಾನೇ ಆಗ ವರ್ಗಾವಣೆಗೆ ಅರ್ಜಿ ಹಾಕಿ ಕಾಯುತ್ತ ಕುಳಿತಿದ್ದೆ. ಕೊನೆಗೆ 'ಅಧಿಕಾರ ಹಸ್ತಾಂತರ' ಎಂದು ಬರೆದು ಕೈತೊಳೆದುಕೊಂಡೆ. ಕನ್ನಡದಲ್ಲಿ ಓದಿದ ಯಾರಿಗೇ ಆಗಲಿ ಆ ಮಾತು ಹೇಳುವುದು ಒಂದನ್ನೇ: ಆಳುವವರು ಬಿಟ್ಟು ಹೋದರು, ನಾವು ಸ್ವತಂತ್ರರಾದೆವು. ಈ ಹೆಂಗಸು ಓದಿದ್ದೂ ಹಾಗೆಯೇ. ಬಾವುಟ, ಹಡಗು ಎಲ್ಲ ಆ ಪದದ ಹಿಂದೆಯೇ ಬರಬೇಕಾದವು.

ಪುಸ್ತಕದ ಒಳಪುಟದಲ್ಲಿ 'ಸಂಪಾದಕ ಮಂಡಳಿ' ಎಂದಷ್ಟೇ ಇತ್ತು, ನನ್ನ ಹೆಸರಿರಲಿಲ್ಲ. ಅದನ್ನು ನೋಡಿ ನನಗೆ ಸಮಾಧಾನವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಪರೀಕ್ಷೆಗೆ ಒಂದು ತಿಂಗಳಿತ್ತು. ಭಾನುವಾರಗಳಂದು ಕಾಲೇಜಿಗೆ ಬನ್ನಿ, ಪಾಠ ಹೇಳಿಕೊಡುತ್ತೇನೆ ಎಂದೆ. ಬರೆದವನು ನಾನು ಎಂಬುದನ್ನು ಮಾತ್ರ ಹೇಳಲಿಲ್ಲ.

ಮೊದಲ ಭಾನುವಾರ ಖಾಲಿ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ದೇಶ, ರಾಷ್ಟ್ರ, ರಾಜ್ಯ, ನಾಡು ಎಂದು ನಾಲ್ಕು ಪದ ಬರೆದೆ. ಸ್ಕಾಟ್ಲೆಂಡ್ ಇವುಗಳಲ್ಲಿ ಯಾವುದು ಎಂದು ವಿವರಿಸಲು ಹೊರಟು ಹತ್ತೇ ನಿಮಿಷದಲ್ಲಿ ನಾನೇ ದಾರಿ ತಪ್ಪಿದೆ. ಅದು ದೇಶವೇ, ಆದರೆ ವಿಶ್ವಸಂಸ್ಥೆಯಲ್ಲಿ ಅದಕ್ಕೆ ಕುರ್ಚಿಯಿಲ್ಲ. ಅಲ್ಲಿನವರು ತಮ್ಮದನ್ನು ರಾಷ್ಟ್ರ ಎನ್ನುತ್ತಾರೆ, ಆದರೆ ಪಾಸ್‌ಪೋರ್ಟು ಬ್ರಿಟನ್ನಿನದು. ಸ್ವಂತ ಪಾರ್ಲಿಮೆಂಟು ಇದೆ, ಆದರೆ ಸೈನ್ಯ ಲಂಡನ್ನಿನ ಕೈಯಲ್ಲಿದೆ. ಆಸ್ಪತ್ರೆ, ಶಾಲೆ, ಕೋರ್ಟು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೆ, ಯುದ್ಧ, ವಿದೇಶ, ನಾಣ್ಯ ಲಂಡನ್ನಿಗೆ ಎಂದು ಬೋರ್ಡಿನ ಮೇಲೆ ಎರಡು ಕಾಲಂ ಎಳೆದೆ. ಆಕೆ ಅಚ್ಚುಕಟ್ಟಾಗಿ ಬರೆದುಕೊಂಡರು. ಆಮೇಲೆ ಕೇಳಿದರು, ನಮ್ಮನ್ನು ಆಳಿದವರು ಇಂಗ್ಲಿಷರೋ ಬ್ರಿಟಿಷರೋ ಎಂದು. ಎರಡೂ ಒಂದೇ ಎಂದೆ. ಸ್ಕಾಟ್‌ನವರೂ ಬಂದಿದ್ದರೇ? ಬೇಕಾದಷ್ಟು ಜನ ಬಂದಿದ್ದರು ಎಂದೆ.

"ಹಂಗಾದ್ರೆ ಒಂದೇ ಹೆಂಗಾಯ್ತು ಸಾರ್? ಸ್ಕಾಟ್‌ನೋರು ಬ್ರಿಟಿಷರು ಹೌದು, ಇಂಗ್ಲಿಷರಲ್ಲ ಅಂತ ಈಗ ತಾನೆ ಹೇಳಿದ್ರಿ."

ಹೇಳಿದ್ದು ನಿಜ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಎರಡನ್ನೂ ಒಂದೇ ಎಂದೇ ಬಳಸುತ್ತ ಬಂದಿದ್ದೇನೆ. ಇಂಗ್ಲಿಷರಲ್ಲೇ ಬಹಳ ಜನ ಹೀಗೆ ಎರಡನ್ನೂ ಕಲಸಿಬಿಡುತ್ತಾರಂತೆ, ಅದು ಸ್ಕಾಟರಿಗೆ ಮೈ ಉರಿಸುತ್ತದಂತೆ. ಚಳ್ಳಕೆರೆಯಲ್ಲಿ ಕುಳಿತು ನಾನೂ ಇಂಗ್ಲಿಷರ ತಪ್ಪನ್ನೇ ಮಾಡುತ್ತಿದ್ದೆ. ಆಕೆಯನ್ನೇ ಕೇಳಿದೆ, ನೀವು ನಿಮ್ಮನ್ನು ಏನೆಂದುಕೊಳ್ಳುತ್ತೀರಿ ಎಂದು. ಕುರಿ ಕರೆಯುವುದು ತೆಲುಗಿನಲ್ಲಿ, ಮಕ್ಕಳನ್ನು ಬೈಯುವುದು ಕನ್ನಡದಲ್ಲಿ, ಯಾರು ಕೇಳುತ್ತಾರೋ ಅದರ ಮೇಲೆ ಹೇಳುತ್ತೇನೆ ಎಂದರು. ಬಳ್ಳಾರಿ ಕಡೆ ಹೋದರೆ ದುರ್ಗದವರು, ಅನಂತಪುರದ ಸಂತೆಗೆ ಹೋದರೆ ಕನ್ನಡದವರು. ನನಗೂ ಅಂಥ ರೋಗವೇ. ನನ್ನ ಪಾಠ ಎಲ್ಲಿಂದ ಹೊರಟರೂ ಪರಶುರಾಂಪುರದ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತದೆ ಎಂದು ಕಾಲೇಜಿನ ಹುಡುಗರು ಆಡಿಕೊಳ್ಳುತ್ತಾರೆ. ನಾನು ಅಲ್ಲಿಯವನು. ಅವತ್ತೂ ಪಾಠ ಅಲ್ಲಿಗೇ ಬಂದು ನಿಂತಿತು.

ಎರಡನೆಯ ಭಾನುವಾರ ಇನ್ನೂ ಕೆಟ್ಟದಾಗಿ ಹೋಯಿತು. ಸ್ಕಾಟ್ಲೆಂಡಿನದು ನಮ್ಮ ರಾಜ್ಯ ಸರ್ಕಾರದ ಹಾಗೆಯೇ ಎಂದು ಹಿಂದಿನ ವಾರ ಬೀಳ್ಕೊಡುವಾಗ ಹೇಳಿಬಿಟ್ಟಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮಲ್ಲಿ ರಾಜ್ಯಗಳ ಅಧಿಕಾರ ಸಂವಿಧಾನದಲ್ಲೇ ಬರೆದಿದೆ. ಅಲ್ಲಿ ಲಂಡನ್ನಿನ ಪಾರ್ಲಿಮೆಂಟು ತಾನೇ ಕಾನೂನು ಮಾಡಿ ಕೊಟ್ಟದ್ದು, ಕಾಗದದ ಮಟ್ಟಿಗೆ ವಾಪಸು ಪಡೆಯಲೂಬಹುದು. ನಮ್ಮಲ್ಲಿ ಎಲ್ಲ ರಾಜ್ಯಕ್ಕೂ ವಿಧಾನಸಭೆ ಇದೆ. ಅಲ್ಲಿ ಸ್ಕಾಟ್ಲೆಂಡಿಗಿದೆ, ವೇಲ್ಸ್‌ಗಿದೆ, ಇಂಗ್ಲೆಂಡಿಗೆ ಮಾತ್ರ ಇಲ್ಲ.

"ಇಂಗ್ಲೆಂಡಿಗೇ ಇಲ್ವಾ?"

"ಇಲ್ಲ."

"ಎಲ್ಲಾರ್ಗಿಂತ ದೊಡ್ಡೋರು ಅವ್ರು. ಅವ್ರಿಗೇ ಇಲ್ವಾ?"

ಇಲ್ಲ ಎಂದೆ. ಏಕೆ ಇಲ್ಲ ಎಂದು ವಿವರಿಸಲು ಹೊರಟೆ. ಲಂಡನ್ನಿನ ಪಾರ್ಲಿಮೆಂಟೇ ಇಂಗ್ಲೆಂಡಿನದೂ ಹೌದು, ಎಲ್ಲರದೂ ಹೌದು, ಅದರಲ್ಲಿ ಸ್ಕಾಟ್ ಸದಸ್ಯರೂ ಕುಳಿತಿರುತ್ತಾರೆ, ಇಂಗ್ಲೆಂಡಿನ ಶಾಲೆಗಳ ವಿಷಯಕ್ಕೆ ಅವರೂ ಮತ ಹಾಕಬಹುದು, ಸ್ಕಾಟ್ಲೆಂಡಿನ ಶಾಲೆಗಳ ವಿಷಯಕ್ಕೆ ಇಂಗ್ಲೆಂಡಿನವರು ಹಾಕುವಂತಿಲ್ಲ. ಹೇಳುತ್ತ ಹೇಳುತ್ತ ಇದನ್ನೆಲ್ಲ ಯಾರಾದರೂ ಒಪ್ಪಿಕೊಂಡು ಬಾಳುತ್ತಾರೆಯೇ ಎಂದು ನನಗೇ ಅನುಮಾನ ಬಂತು. ಆಕೆ ಪುಸ್ತಕ ಮುಚ್ಚಿದರು. ಕಂಠಪಾಠ ಮಾಡಿಬಿಡ್ತೀನಿ ಬಿಡಿ ಸಾರ್ ಎಂದರು. ಎರಡು ಸಲ ಕಂಠಪಾಠ ಮಾಡಿಯೇ ಫೇಲಾಗಿದ್ದೀರಲ್ಲ ಎಂದು ನಾನು ರೇಗಿದೆ. ರೇಗಿದ್ದು ಆಕೆಯ ಮೇಲಲ್ಲ, ನನಗೆ ಗೊತ್ತಿತ್ತು. ಆಕೆಗೆ ಅದು ಗೊತ್ತಿರಲಿಲ್ಲ ಎಂದು ಅಂದುಕೊಂಡಿದ್ದೆ.

ಮೂರನೆಯ ಭಾನುವಾರ ಆಕೆ ಬರಲಾಗುವುದಿಲ್ಲವೆಂದು ಫೋನು ಮಾಡಿದರು. ಕುರಿಗಳಿಗೆ ಲಸಿಕೆ ಹಾಕಿಸುವ ದಿನ, ಮನೆಯವರೆಲ್ಲ ಬೇಕು. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಒಂದು ವಾರ ಕುಳಿತು ಹೊಸದಾಗಿ ಬರೆದಿದ್ದ ಟಿಪ್ಪಣಿಗಳನ್ನು ಹಿಡಿದು ನಾನೇ ಮೊಳಕಾಲ್ಮೂರು ಬಸ್ಸು ಹತ್ತಿ, ಬಿ.ಜಿ. ಕೆರೆಯಲ್ಲಿಳಿದು, ಆಟೋ ಮಾಡಿಕೊಂಡು ಹಟ್ಟಿಗೆ ಹೋದೆ. ಆ ಟಿಪ್ಪಣಿಯಲ್ಲೂ ಪದ ಸಿಕ್ಕಿರಲಿಲ್ಲ. 'ಅಧಿಕಾರದ ಮರುಹಂಚಿಕೆ' ಎಂದು ಪೆನ್ಸಿಲಿನಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೆ.

ನಾನು ಹೋಗುವಷ್ಟರಲ್ಲಿ ಲಸಿಕೆ ಮುಗಿದಿತ್ತು. ಮನೆ ಪಕ್ಕದ ಮುಳ್ಳುಬೇಲಿಯ ರೊಪ್ಪದಲ್ಲಿ ನೂರಕ್ಕೂ ಹೆಚ್ಚು ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ಗಂಡಸರು ಡಾಕ್ಟರನ್ನು ಕಳಿಸಲು ರಸ್ತೆಗೆ ಹೋಗಿದ್ದರು. ಮನೆಯಲ್ಲಿ ಆಕೆಯ ಅತ್ತೆ, ಮತ್ತು ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ಅಲ್ಲಿಂದ ಒಳಗಿನ ಒಲೆ ಕಾಣುತ್ತಿತ್ತು. ಅದೇ ಮನೆಯ ಬಲಗೋಡೆಗೆ ಆನಿಸಿ ತಗಡು ಹೊದಿಸಿದ್ದ ಸಣ್ಣ ಚಪ್ಪರದಲ್ಲಿ ಇನ್ನೊಂದು ಒಲೆ ಉರಿಯುತ್ತಿತ್ತು. ಅದರ ಮುಂದೆ ನನ್ನ ವಿದ್ಯಾರ್ಥಿನಿ ಟೀ ಕಾಸುತ್ತಿದ್ದರು. ಅತ್ತೆ ಮಜ್ಜಿಗೆ ತಂದರು. ಮಾತು ಆಡಬೇಕಲ್ಲ ಎಂದು ನಾನು ಕೇಳಿದೆ, ಓ, ಗಂಡುಮಕ್ಕಳು ಪಾಲಾಗಿದ್ದಾರಾ ಎಂದು.

ಅತ್ತೆ ಲೋಟವನ್ನು ಅರ್ಧ ಚಾಚಿದವರು ಹಾಗೆಯೇ ನಿಂತರು. ಚಪ್ಪರದಲ್ಲಿದ್ದ ವಿದ್ಯಾರ್ಥಿನಿ ತಲೆಯೆತ್ತಿ ನೋಡಿದರು. ಏನೋ ಕೆಟ್ಟದ್ದು ಆಡಿದೆ ಎಂದು ನನಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ.

"ಯಾರು ಹೇಳಿದ್ದು ಸಾಮಿ ಪಾಲಾಗೀವಿ ಅಂತ?" ಎಂದರು ಅತ್ತೆ. "ಪೊಯ್ಯಿ ಬೇರೆ, ಅಷ್ಟೆ. ಪಾಲಾಗಿಲ್ಲ. ಆ ರೊಪ್ಪ ನೋಡ್ರಿ, ಅದ್ರಾಗೆ ಯಾವ ಕುರಿ ಯಾರ್ದು ಅಂತ ಯಾರಾದ್ರೂ ಹೇಳ್ಲಿ."

ಪೊಯ್ಯಿ ಎಂದರೆ ತೆಲುಗಿನಲ್ಲಿ ಒಲೆ. ನಾನು ಕ್ಷಮಿಸಿ ಎಂದೆ. ಅತ್ತೆ ಮಜ್ಜಿಗೆ ಕೊಟ್ಟರು, ಆದರೆ ವಿಷಯ ಬಿಡಲಿಲ್ಲ. ಚಿಕ್ಕ ಸೊಸೆಗೆ ಹೊತ್ತಿಗೆ ಮುಂಚೆ ಅಂಗನವಾಡಿಗೆ ಹೋಗಬೇಕು, ದೊಡ್ಡ ಒಲೆಯ ಅಡುಗೆಗೆ ಕಾಯಲಾಗುವುದಿಲ್ಲ, ಅದಕ್ಕೆ ತಾವೇ ಮೂರು ಕಲ್ಲು ಇಟ್ಟು ಬೇರೆ ಒಲೆ ಹಚ್ಚಿಕೊಟ್ಟದ್ದು. ಅಲ್ಲಿ ಏನು ಬೇಯಿಸಬೇಕು, ಯಾವಾಗ ಉಣ್ಣಬೇಕು ಎಲ್ಲ ಅವಳದು. ಕುರಿ ಮಾರುವುದು, ಹೊಲ ಬಿತ್ತುವುದು, ಹೆಣ್ಣು ಕೊಡುವುದು ತರುವುದು ಮಾತ್ರ ದೊಡ್ಡ ಮನೆಯದು.

"ಕೊಟ್ಟೋಳು ನಾನು. ಬೇಕಂದ್ರೆ ನಾಳೆ ಆ ಕಲ್ಲು ಕಿತ್ತು ಹಾಕ್ತೀನಿ."

"ಕಿತ್ತು ನೋಡ್ಲಿ," ಎಂದರು ಚಪ್ಪರದಿಂದ ನನ್ನ ವಿದ್ಯಾರ್ಥಿನಿ. ಇಬ್ಬರೂ ನಕ್ಕರು. ಕಲ್ಲು ಕೀಳುವ ಅಧಿಕಾರ ಇದೆ, ಯಾರೂ ಕೀಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನನ್ನ ಕೈಯಲ್ಲಿದ್ದ ಟಿಪ್ಪಣಿ ಹಾಗೇ ಇತ್ತು. ಈ ಎರಡು ಮಾತಿನ ಮುಂದೆ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಆಗ ಒಳಗಿನ ಒಲೆಯ ಮುಂದಿದ್ದ ಓರಗಿತ್ತಿ ಬಾಯಿ ತೆರೆದರು.

"ಅವಳಿಗೆ ಅವಳ ಒಲೆ ಐತೆ. ನನಗೆಲ್ಲೈತೆ? ಇದು ನಂದು ಅಂದ್ಕಂಡಿದ್ದೆ. ಅಲ್ಲಂತೆ, ಮನೇದಂತೆ. ಅವಳು ಅಲ್ಲಿ ಬೇಯಿಸ್ಕಂಡು, ಇಲ್ಲಿಗೂ ಬಂದು ಸಾರಿಗೆ ಉಪ್ಪು ಸಾಲ್ದು ಅಂತಾಳೆ. ನಾನು ಅವಳ ಒಲೆ ತಂಟೆಗೆ ಹೋಗಂಗಿಲ್ಲ."

ನನ್ನ ವಿದ್ಯಾರ್ಥಿನಿ ಟೀ ಪಾತ್ರೆ ಹಿಡಿದು ಎದ್ದು ನಿಂತಿದ್ದರು. ಮೊದಲು ಓರಗಿತ್ತಿಯನ್ನು, ಆಮೇಲೆ ನನ್ನನ್ನು ನೋಡಿದರು.

"ಸಾರ್," ಎಂದರು ಮೆಲ್ಲಗೆ. "ನಮ್ಮಕ್ಕ ಇಂಗ್ಲೆಂಡು."

ಇಷ್ಟು ವರ್ಷದ ಪಾಠದಲ್ಲಿ ನನಗೆ ಅಷ್ಟು ಖುಷಿ ಆದದ್ದು ಇನ್ನೊಂದಿಲ್ಲ. ಜಗಲಿಯ ಮೇಲೆ ಕುಳಿತು ಒಂದು ಗಂಟೆ ಮಾತಾಡಿದೆವು. ಅತ್ತೆಯೂ ಓರಗಿತ್ತಿಯೂ ನಡುನಡುವೆ ತಿದ್ದಿದರು. ಸ್ಕಾಟ್ಲೆಂಡ್ ಪಾಲು ಕೇಳಿ ಹೊರಟುಹೋಗಿಲ್ಲ, ಒಲೆ ಬೇರೆ ಮಾಡಿಕೊಂಡಿದೆ. ಒಮ್ಮೆ ಪಾಲಾಗೋಣವೇ ಎಂದು ಅಲ್ಲಿ ಎಲ್ಲರನ್ನೂ ಕೇಳಿ ಮತ ಹಾಕಿಸಿದರು, ಬೇಡ ಎಂದವರು ಹೆಚ್ಚಾದರು, ಕೇಳುವವರು ಇನ್ನೂ ಕೇಳುತ್ತಲೇ ಇದ್ದಾರೆ. ಇಂಗ್ಲೆಂಡ್ ಬೇರೆ ಒಲೆ ಕೇಳಲಿಲ್ಲ, ದೊಡ್ಡ ಒಲೆಯೇ ತನ್ನದೆಂದು ತಿಳಿದಿತ್ತು. ಚಿಕ್ಕವರದು ಬೇರೆಯಾದ ಮೇಲೆ ತನ್ನದು ಯಾವುದು ಎಂದು ಈಗ ಅದೂ ಯೋಚಿಸತೊಡಗಿದೆ. ಓರಗಿತ್ತಿ ಇದಕ್ಕೆ ಮಾತ್ರ ಹೌದೆಂದು ತಲೆಯಾಡಿಸಿದರು.

ಆದರೆ ಗೊಂದಲ ಅಲ್ಲಿಗೂ ಮುಗಿಯಲಿಲ್ಲ. ಹಾಗಾದರೆ ಲಂಡನ್ನಿನ ಪಾರ್ಲಿಮೆಂಟು ಅತ್ತೆಯೋ, ಅಕ್ಕನೋ ಎಂದು ಆಕೆ ಕೇಳಿದರು. ಅತ್ತೆ ಉಣ್ಣುವುದು ಅಕ್ಕನ ಒಲೆಯಲ್ಲಿ. ಅತ್ತೆಯ ಮಾತು ಎಲ್ಲಿ ಮುಗಿಯುತ್ತದೆ, ಅಕ್ಕನ ಮಾತು ಎಲ್ಲಿ ಶುರುವಾಗುತ್ತದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಾನು ಯೋಚಿಸಿ ಯೋಚಿಸಿ, ಅಲ್ಲಿಯೂ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅದೇ ಉತ್ತರವೋ, ಉತ್ತರ ತಿಳಿಯದವನು ಹೇಳುವ ಮಾತೋ, ನನಗೆ ಇಂದಿಗೂ ಸಂಶಯ.

ಹೊರಡುವಾಗ ಭಯ ಹುಟ್ಟಿತು. ಮೌಲ್ಯಮಾಪಕರ ಮುಂದೆ ಒಲೆ, ರೊಪ್ಪ ಎಂದು ಬರೆದರೆ ಇನ್ನೊಂದು ಸೊನ್ನೆ ಗ್ಯಾರಂಟಿ. ಅದಕ್ಕೆ ಒಂದು ಕ್ರಮ ಹೇಳಿಕೊಟ್ಟೆ. ಮೊದಲು ಶಾಸ್ತ್ರದ ಮಾತು: ಅಧಿಕಾರದ ಮರುಹಂಚಿಕೆ, ಪರಮಾಧಿಕಾರ ಲಂಡನ್ನಿನಲ್ಲೇ ಉಳಿದದ್ದು, ಎಲ್ಲರಿಗೂ ಸಮಾನವಾಗಿ ಕೊಡದಿದ್ದದ್ದು. ಒಲೆಯನ್ನು ಕೊನೆಗೆ ಉದಾಹರಣೆಯಾಗಿ ಒಂದೇ ಪ್ಯಾರಾದಲ್ಲಿ ಬರೆಯಿರಿ. 'ಹಸ್ತಾಂತರ' ಎಂಬ ಪದವನ್ನು ಮಾತ್ರ ಮುಟ್ಟಬೇಡಿ ಎಂದೆ.

"ಪುಸ್ತಕದಾಗೆ ಅದೇ ಐತಲ್ಲ ಸಾರ್. ಬರೆದೋರು ತಪ್ಪು ಬರೆದವ್ರಾ?"

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವಸರದಲ್ಲಿ ಬರೆದಿರಬೇಕು ಎಂದೆ.

"ಇರಬೋದು ಸಾರ್," ಎಂದು ಆಕೆ ನನ್ನ ಚೀಲ ಎತ್ತಿಕೊಟ್ಟರು.

ಪರೀಕ್ಷೆ ಚಳ್ಳಕೆರೆಯಲ್ಲೇ ನಡೆಯಿತು. ಮಧ್ಯಾಹ್ನ ಕಾಲೇಜಿನ ಗೇಟಿನ ಬಳಿ ಆಕೆ ಪ್ರಶ್ನೆಪತ್ರಿಕೆ ತೋರಿಸಿದರು. ಹದಿನೈದು ಅಂಕದ ಪ್ರಶ್ನೆ ಹೀಗಿತ್ತು: 'ಸ್ಕಾಟ್ಲೆಂಡಿಗೆ ಅಧಿಕಾರ ಹಸ್ತಾಂತರವಾದ ಬಗೆಯನ್ನು ವಿವರಿಸಿ.' ನನ್ನ ಪದ ಪುಸ್ತಕದಿಂದ ಎದ್ದು ಪ್ರಶ್ನೆಪತ್ರಿಕೆಗೆ ಹೋಗಿ ಕುಳಿತಿತ್ತು. ಏನು ಬರೆದಿರಿ ಎಂದು ಕೇಳಿದೆ. ಪ್ರಶ್ನೆಯಲ್ಲಿರುವ ಪದ ತಪ್ಪು, ಹಸ್ತಾಂತರ ಎಂದರೆ ಪಾಲು, ಅಲ್ಲಿ ಆದದ್ದು ಪಾಲಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ನೀವು ಹೇಳಿದ ಕ್ರಮ ಆಮೇಲೆ ಶುರು ಮಾಡಿದೆ ಎಂದರು. ಪ್ರಶ್ನೆ ತೆಗೆದವರನ್ನೇ ತಿದ್ದಿದ ಉತ್ತರ. ಅದನ್ನು ತಿದ್ದುವವರು ಅದೇ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡಿರುತ್ತಾರೆ. ಆಕೆ ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಅವತ್ತೇ ಸಂಜೆ ಪರೀಕ್ಷಾ ವಿಭಾಗಕ್ಕೆ ಪತ್ರ ಬರೆಯಲು ಕುಳಿತೆ. ಮೊದಲ ಕರಡಿನಲ್ಲಿ 'ಪುಸ್ತಕದಲ್ಲಿ ದೋಷವೊಂದು ನುಸುಳಿರುವುದು ಗಮನಕ್ಕೆ ಬಂದಿದೆ' ಎಂದಿತ್ತು. ಓದಿ ನನಗೇ ಅಸಹ್ಯವಾಯಿತು. ತಾನಾಗಿ ನುಸುಳಲು ಅದೇನು ಹಲ್ಲಿಯೇ? ಎರಡನೆಯ ಕರಡಿನಲ್ಲಿ ವರ್ಗಾವಣೆ, ಅವಸರ ಎಲ್ಲ ಬಂದು ಎರಡು ಪುಟವಾಯಿತು. ಅದನ್ನೂ ಹರಿದೆ. ಕೊನೆಗೆ ನಾಲ್ಕೇ ಸಾಲು ಉಳಿಯಿತು. ಈ ಪಾಠ ಬರೆದವನು ನಾನು. ಈ ಪದ ತಪ್ಪು. ಪ್ರಶ್ನೆಯಲ್ಲೂ ಅದೇ ತಪ್ಪು ಬಂದಿದೆ. ಇದನ್ನು ತಪ್ಪೆಂದು ಬರೆದ ವಿದ್ಯಾರ್ಥಿಗಳು ಸರಿ, ಅವರಿಗೆ ಅಂಕ ಕಳೆಯಬಾರದು. ಸಹಿ ಹಾಕಿ, ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿದೆ. ಆ ವರ್ಷ ಹೊಸ ಪುಸ್ತಕಗಳ ಕೆಲಸಕ್ಕೆ ನನ್ನನ್ನೂ ಕರೆಯುವ ಮಾತಿತ್ತು. ಆಮೇಲೆ ಯಾರೂ ಕರೆಯಲಿಲ್ಲ. ಪತ್ರಕ್ಕೆ ಉತ್ತರವೂ ಬರಲಿಲ್ಲ.

ಫಲಿತಾಂಶ ಬಂದ ಮಾರನೆಯ ದಿನ ಆಕೆ ಕಾಲೇಜಿಗೆ ಬಂದರು. ಅಂಕಪಟ್ಟಿಯ ಪ್ರಿಂಟು ಮೇಜಿನ ಮೇಲಿಟ್ಟರು. ಪಾಸು. ಪಾಸಾಗಲು ಬೇಕಾದ್ದಕ್ಕಿಂತ ಒಂಬತ್ತು ಅಂಕ ಹೆಚ್ಚು. ನನ್ನ ಪತ್ರ ಓದಿ ಕೊಟ್ಟರೋ, ಆಕೆಯ ಉತ್ತರ ಓದಿ ಕೊಟ್ಟರೋ, ಇಲ್ಲ ಯಾರೋ ಏನೂ ಓದದೆ ಕೊಟ್ಟರೋ ನನಗೆ ತಿಳಿಯದು. ಅರ್ಜಿ ಹಾಕಲು ಇನ್ನೂ ಎರಡು ವಾರವಿದೆ ಎಂದು ಆಕೆ ಹೇಳಿದರು. ನನ್ನ ಕಣ್ಣು ತುಂಬಿತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

ಆ ಪಾಠ ಬರೆದವನು ನಾನೇ ಕಣಮ್ಮ, ನೀವು ಎರಡು ಸಲ ಫೇಲಾದದ್ದು ನನ್ನಿಂದ ಎಂದೆ.

ಆಕೆ ಚೀಲದಿಂದ ಆ ಹಳೆಯ ಪುಸ್ತಕ ತೆಗೆದರು. ಒಂದು ಪುಟ ತೆರೆದು ನನ್ನ ಕಡೆ ತಿರುಗಿಸಿದರು. ನಾನೇ ಬರೆದು ಮರೆತಿದ್ದ ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇತ್ತು. 'ಪರಶುರಾಂಪುರದವನು ತನ್ನನ್ನು ಚಳ್ಳಕೆರೆಯವನೆಂದು ಕರೆದರೆ ಹೇಗೆ ಸಿಟ್ಟಾಗುವನೋ, ಹಾಗೆಯೇ ಸ್ಕಾಟರು ತಮ್ಮನ್ನು ಇಂಗ್ಲಿಷರೆಂದರೆ ಸಿಟ್ಟಾಗುತ್ತಾರೆ.' ಆ ಗೆರೆ ಹೊಸದಾಗಿರಲಿಲ್ಲ, ಪುಟ ಮಡಿಸಿ ಮಡಿಸಿ ಅರ್ಧ ಅಳಿಸಿಹೋಗಿತ್ತು.

"ಪರಶುರಾಂಪುರದ ಮೇಷ್ಟ್ರು ಚಳ್ಳಕೆರೆ ಕಾಲೇಜಿನಾಗೆ ಒಬ್ರೇ ಇರೋದು ಅಂತ ವಿಚಾರಿಸ್ಕಂಡೇ ಬಂದಿದ್ದೆ ಸಾರ್. ಬರೆದೋರೇ ತಿದ್ದಿಕೊಡ್ಲಿ ಅಂತ." ಪುಸ್ತಕ ಮುಚ್ಚಿ ನನ್ನ ಮುಂದೆ ಸರಿಸಿದರು. "ಇದು ಸದ್ಯಕ್ಕೆ ನಿಮ್ಮತ್ರ ಇರ್ಲಿ. ನಮ್ಮ ಹಟ್ಟೀಲಿ ಇನ್ನಿಬ್ರು ಈ ವರ್ಷ ಬಿ.ಎ. ಕಟ್ಟವ್ರೆ, ತಿದ್ದಿ ಕಳಿಸ್ರಿ."